ಪ್ರಿಸೆಪ್ಟರನ್ನು ಹುಡುಕಿಕೊಡಬೇಕಾದವರು ಯಾರು?

ಟೆಕ್ಸಾಸಿನ ಆಸ್ಪತ್ರೆಯೊಂದರ ಮೆಡಿಕಲ್-ಸರ್ಜಿಕಲ್ ವಾರ್ಡಿನಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿರುವ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಕರ್ನಾಟಕದಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಹೋದವರು, ಗ್ರೀನ್ ಕಾರ್ಡ್ ಬಂದಿದೆ. ಆನ್‌ಲೈನಿನಲ್ಲಿ ಎಂ.ಎಸ್.ಎನ್. (ನರ್ಸಿಂಗಿನ ಸ್ನಾತಕೋತ್ತರ ಡಿಗ್ರಿ) ಮಾಡಿ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್, ಅಂದರೆ ಎಲ್ಲ ವಯಸ್ಸಿನ ರೋಗಿಗಳನ್ನೂ ಪರೀಕ್ಷಿಸಿ ಚಿಕಿತ್ಸೆ ಬರೆಯುವ ನರ್ಸು, ಆಗಬೇಕೆಂಬ ಆಸೆ. ಮೂರು ವಿಶ್ವವಿದ್ಯಾಲಯಗಳನ್ನು ಗುರುತು ಹಾಕಿಕೊಂಡು ಕೇಳುತ್ತಾರೆ: "ಮೂರಕ್ಕೂ ಮಾನ್ಯತೆ ಇದೆ. ಸಿಲಬಸ್ಸೂ ಹೆಚ್ಚುಕಡಿಮೆ ಒಂದೇ. ಹಾಗಿದ್ದ ಮೇಲೆ ಫೀಸು ಕಡಿಮೆ ಇರುವುದನ್ನೇ ಆರಿಸಿದರೆ ತಪ್ಪೇನು? ಅಲ್ಲಿ ಪ್ರಿಸೆಪ್ಟರನ್ನು (ಕ್ಲಿನಿಕ್ಕಿನಲ್ಲಿ ರೋಗಿಗಳ ಎದುರು ಕೆಲಸ ಕಲಿಸುವವರನ್ನು) ನಾವೇ ಹುಡುಕಿಕೊಳ್ಳಬೇಕಂತೆ, ಅದೊಂದೇ ವ್ಯತ್ಯಾಸ. ಆಗಸ್ಟ್ ಪ್ರವೇಶಕ್ಕೆ ಅರ್ಜಿ ಹಾಕಲು ಮೂರೇ ವಾರ ಉಳಿದಿದೆ, ಬೇಗ ಹೇಳಿ."

ಅದೊಂದೇ ಎಂದು ಬರೆದುಬಿಟ್ಟಿರಲ್ಲ, ಸೋದರಿ, ನನ್ನ ತಕರಾರೆಲ್ಲ ಅದರ ಮೇಲೇ.

ಫೀಸಿನ ಲೆಕ್ಕ ಹಾಕುವುದು ತಪ್ಪಲ್ಲ. ಸಂಬಳದಲ್ಲಿ ಸಂಸಾರ ನಡೆಸುತ್ತ ಓದುವವರು ಡಾಲರ್ ಡಾಲರಿಗೂ ಲೆಕ್ಕ ಇಡಲೇಬೇಕು. ನೀವಿರುವ ಊರಿನಲ್ಲೇ ನಾಲ್ಕಾರು ಕ್ಲಿನಿಕ್ಕುಗಳ ಪರಿಚಯವಿದ್ದು, "ಬಾರಮ್ಮ, ನಾನು ಕಲಿಸುತ್ತೇನೆ" ಎನ್ನುವ ನರ್ಸ್ ಪ್ರಾಕ್ಟೀಷನರುಗಳು ಈಗಾಗಲೇ ಗೊತ್ತಿದ್ದರೆ ಕಡಿಮೆ ಫೀಸಿನ ಕಾಲೇಜೂ ನಡೆದೀತು. ಆದರೆ ನಿಮ್ಮ ಕಾಗದದಲ್ಲಿ ಅಂಥ ಒಬ್ಬರ ಸುಳಿವೂ ಇಲ್ಲ.

ಈ ಓದಿನಲ್ಲಿ ಆನ್‌ಲೈನ್ ಎನ್ನುವುದು ಪಾಠಕ್ಕೆ ಮಾತ್ರ. ರೋಗಿಯನ್ನು ಆನ್‌ಲೈನಿನಲ್ಲಿ ಮುಟ್ಟಿ ನೋಡುವುದಕ್ಕಾಗದು. ನರ್ಸ್ ಪ್ರಾಕ್ಟೀಷನರ್ ಶಿಕ್ಷಣದ ರಾಷ್ಟ್ರೀಯ ಮಾನದಂಡ 2022ರಲ್ಲಿ ಹೊಸದಾಗಿ ಬಂದಾಗ, ರೋಗಿಯ ಎದುರು ಕಳೆಯಬೇಕಾದ ಕನಿಷ್ಠ ಅವಧಿ 500 ಗಂಟೆಯಿಂದ 750ಕ್ಕೆ ಏರಿತು. ದಿನಕ್ಕೆ 8 ಗಂಟೆಯಂತೆ ಅದು 94 ದಿನ. ವಾರಕ್ಕೆ ಎರಡು ದಿನ ಹೊಂದಿಸಿಕೊಂಡರೆ 47 ವಾರ. ಅದರ ಜೊತೆಗೆ 12 ಗಂಟೆಯ ಮೂರು ಶಿಫ್ಟು ನಿಮಗೆ ಇದ್ದೇ ಇದೆ. ಅಲ್ಲಿಗೆ ವಾರಕ್ಕೆ 52 ಗಂಟೆ, ಪುಸ್ತಕ ತೆರೆಯುವುದಕ್ಕೆ ಮೊದಲೇ. ಈ 750 ಗಂಟೆಯನ್ನು ಒಬ್ಬರ ಹತ್ತಿರ ಮುಗಿಸಿಬಿಡುವ ಹಾಗೂ ಇಲ್ಲ. ಫ್ಯಾಮಿಲಿ ಟ್ರ್ಯಾಕ್ (ಓದಿನ ವಿಭಾಗ) ಎಂದರೆ ಹಸುಗೂಸಿನಿಂದ ವೃದ್ಧರವರೆಗೆ ಎಲ್ಲರೂ ಬರುತ್ತಾರೆ. ದೊಡ್ಡವರ ಪ್ರೈಮರಿ ಕೇರಿಗೆ (ಮೊದಲ ಹಂತದ ಹೊರರೋಗಿ ಚಿಕಿತ್ಸೆಗೆ) ಒಬ್ಬರು, ಮಕ್ಕಳಿಗೆ ಒಬ್ಬರು, ಸ್ತ್ರೀಯರ ಆರೋಗ್ಯಕ್ಕೆ ಒಬ್ಬರು ಬೇಕು. ಕೊನೆಯ ಎರಡು ಜಾಗಗಳಿಗಾಗಿಯೇ ಎಲ್ಲರೂ ಪರದಾಡುವುದು.

ಹುಡುಕಾಟ ಹೇಗಿರುತ್ತದೆ ನೋಡಿ. ಕ್ಲಿನಿಕಲ್ (ರೋಗಿಗಳ ಎದುರಿನ ತರಬೇತಿ) ಶುರುವಾಗುವ ಆರೇಳು ತಿಂಗಳ ಮೊದಲೇ ಫೋನು, ಇಮೇಲು ಆರಂಭಿಸಬೇಕು. ಒಬ್ಬರು ಒಪ್ಪಿದರು ಎನ್ನಿ. ಅವರ ಬಯೋಡೇಟಾ, ಲೈಸೆನ್ಸು, ಸರ್ಟಿಫಿಕೇಷನ್ನಿನ ಪ್ರತಿ ಕಾಲೇಜಿಗೆ ಹೋಗಬೇಕು. ಆಮೇಲೆ ಕಾಲೇಜಿಗೂ ಕ್ಲಿನಿಕ್ಕಿಗೂ, ವಿದ್ಯಾರ್ಥಿಯನ್ನು ತರಬೇತಿಗೆ ಸೇರಿಸಿಕೊಳ್ಳುವ ಅಫಿಲಿಯೇಷನ್ ಒಪ್ಪಂದ ಆಗಬೇಕು. ಕ್ಲಿನಿಕ್ಕು ದೊಡ್ಡ ಆಸ್ಪತ್ರೆ ಸಮೂಹಕ್ಕೆ ಸೇರಿದ್ದಾದರೆ ಕಾಗದ ಎರಡೂ ಕಡೆಯ ವಕೀಲರ ಮೇಜಿನ ಮೇಲೆ ತಿಂಗಳುಗಟ್ಟಲೆ ಕೂರುತ್ತದೆ. ವಿಮೆಯ ಮೊತ್ತದ ಒಂದು ಸಾಲಿಗೆ ತಕರಾರು ಬಂದರೂ ಮತ್ತೆ ಮೊದಲಿಂದ ಶುರು. ಈ ನಡುವೆ ನಿಮ್ಮ ಲಸಿಕೆಗಳ ದಾಖಲೆ, ಟಿ.ಬಿ. ಪರೀಕ್ಷೆ, ಡ್ರಗ್ ಸ್ಕ್ರೀನ್, ಹಿನ್ನೆಲೆ ತಪಾಸಣೆ, ಬಿ.ಎಲ್.ಎಸ್. (ಜೀವರಕ್ಷಣೆಯ ಪ್ರಾಥಮಿಕ ತರಬೇತಿಯ) ಕಾರ್ಡು ಯಾವುದರ ಅವಧಿಯೂ ಮುಗಿದಿರಬಾರದು. ಟರ್ಮ್ ಆರಂಭವಾಗುವ ದಿನ ಸಹಿ ಬಿದ್ದಿರದಿದ್ದರೆ ಆ ಕ್ಲಿನಿಕಲ್ ಕೋರ್ಸು ಕೈಬಿಡಬೇಕು. ಸಣ್ಣ ಕಾಲೇಜುಗಳಲ್ಲಿ ಅದೇ ಕೋರ್ಸು ಮತ್ತೆ ಸಿಗುವುದು ಮುಂದಿನ ವರ್ಷ. ಅಷ್ಟರಲ್ಲಿ ನೀವು ಅರ್ಧಕಾಲಿಕ ವಿದ್ಯಾರ್ಥಿಯ ಮಿತಿಗಿಂತ ಕೆಳಗಿಳಿದರೆ ಆರು ತಿಂಗಳಿಗೆ ಫೆಡರಲ್ ಸಾಲದ ಕಂತು ಕಟ್ಟುವುದು ಶುರುವಾಗುತ್ತದೆ. ಡಿಗ್ರಿ ಇಲ್ಲ, ಕಂತು ಮಾತ್ರ ಇದೆ.

ದಾರಿ ಕಾಣದ ವಿದ್ಯಾರ್ಥಿಗಳು ಪ್ರಿಸೆಪ್ಟರ್ ಹೊಂದಿಸಿಕೊಡುವ ಖಾಸಗಿ ಕಂಪನಿಗಳ ಮೊರೆಹೋಗುತ್ತಾರೆ. ಒಂದು ರೊಟೇಷನ್ನಿಗೆ (ಒಂದು ವಿಭಾಗದ ತರಬೇತಿಯ ಸರದಿಗೆ) ಸಾವಿರ ಡಾಲರ್ ದಾಟುವುದು ಅಲ್ಲಿ ಸಾಮಾನ್ಯ. ನಾಲ್ಕು ರೊಟೇಷನ್ ಎಂದರೆ ನಿಮ್ಮ ಅಗ್ಗದ ಫೀಸು ಎಲ್ಲಿ ಉಳಿಯಿತು? ಮೂಗಿಗಿಂತ ಮೂಗುತಿ ಭಾರ.

ನನಗೆ ಸಿಟ್ಟು ತರಿಸುವ ಸಂಗತಿ ಇನ್ನೊಂದಿದೆ. ಅದೇ ಅಮೆರಿಕದಲ್ಲಿ, ಅದೇ ಕ್ಲಿನಿಕ್ಕಿನಲ್ಲಿ, ನಿಮ್ಮ ಪಕ್ಕದ ಕೋಣೆಯಲ್ಲಿ ವೈದ್ಯರ ಜೊತೆ ಚಿಕಿತ್ಸೆ ನೀಡುವ ಫಿಜಿಷಿಯನ್ ಅಸಿಸ್ಟೆಂಟ್ ವೃತ್ತಿಯ ವಿದ್ಯಾರ್ಥಿಯೊಬ್ಬ ಕಲಿಯುತ್ತಿರಬಹುದು. ಆ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎ.ಆರ್.ಸಿ.-ಪಿ.ಎ. ಸಂಸ್ಥೆಯ ನಿಯಮ ನೇರವಾಗಿದೆ: ತರಬೇತಿಯ ಜಾಗವನ್ನಾಗಲಿ ಪ್ರಿಸೆಪ್ಟರನ್ನಾಗಲಿ ವಿದ್ಯಾರ್ಥಿಯೇ ಹುಡುಕಿ ತರಬೇಕೆಂದು ಕಾಲೇಜು ಕಡ್ಡಾಯ ಮಾಡುವಂತಿಲ್ಲ. ವೈದ್ಯಕೀಯ ವಿದ್ಯಾರ್ಥಿಗೂ ವಾರ್ಡು ಹುಡುಕಿಕೊಡುವ ಹೊಣೆ ಕಾಲೇಜಿನದೇ. ನರ್ಸಿಗೆ ಮಾತ್ರ ಏಕೆ ಬೀದಿ ಸುತ್ತುವ ಶಿಕ್ಷೆ? ಫೀಸು ಕಟ್ಟುವುದು ಅವಳೇ, ತನ್ನ ಶಿಕ್ಷಕರನ್ನು ಹುಡುಕಿ ತರುವುದೂ ಅವಳೇ ಎಂದಾದರೆ ಕಾಲೇಜು ಮಾಡುವ ಕೆಲಸವೇನು?

ದೂರದಿಂದ ಕಲಿಸುವುದೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನರ್ಸಿಂಗಿನಲ್ಲಿ ಅದಕ್ಕೆ ಮರ್ಯಾದೆಯ ಚರಿತ್ರೆಯಿದೆ. ಮೇರಿ ಬ್ರೆಕಿನ್‌ರಿಡ್ಜ್ 1925ರಲ್ಲಿ ಕೆಂಟಕಿಯ ಬೆಟ್ಟಗಾಡಿನಲ್ಲಿ ಫ್ರಾಂಟಿಯರ್ ನರ್ಸಿಂಗ್ ಸರ್ವಿಸ್ ಕಟ್ಟಿದರು. ಅವರ ನರ್ಸುಗಳು ಕುದುರೆಯೇರಿ ಹೊಳೆ ದಾಟಿ ಹೆರಿಗೆ ಮಾಡಿಸಲು ಹೋಗುತ್ತಿದ್ದರು. 1939ರಲ್ಲಿ ಅಲ್ಲಿ ನರ್ಸ್-ಮಿಡ್‌ವೈಫರಿ ಶಾಲೆ ಆರಂಭವಾಯಿತು. 1989ರಲ್ಲಿ ಅದೇ ಶಾಲೆ, ಕಲಿಯುವವರು ತಮ್ಮ ಊರು ಬಿಡದೆ ಅಲ್ಲಿಯ ಅನುಭವಿಗಳ ಕೈಕೆಳಗೇ ತರಬೇತಾಗುವ ಕ್ರಮವನ್ನು ತಂದಿತು. ಅಂತರ್ಜಾಲ ಮನೆಮನೆಗೆ ಬರುವುದಕ್ಕೆ ಎಷ್ಟೋ ಮುಂಚಿನ ಮಾತು. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಮೊದಲ ನರ್ಸ್ ಪ್ರಾಕ್ಟೀಷನರ್ ಕೋರ್ಸನ್ನು ಕಟ್ಟಿದ್ದು ಲೊರೆಟ್ಟಾ ಫೋರ್ಡ್ ಎಂಬ ನರ್ಸು, ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು, ಇಬ್ಬರೂ ಸೇರಿ. ರೋಗಿಯ ಪಕ್ಕದಲ್ಲಿ ಕಲಿಸುವವರೊಬ್ಬರು ನಿಂತಿರಬೇಕು ಎಂಬುದು ಈ ವೃತ್ತಿಯ ಹುಟ್ಟಿನಲ್ಲೇ ಇದೆ.

1923ರ ಗೋಲ್ಡ್‌ಮಾರ್ಕ್ ವರದಿಯನ್ನು ಓದಿದವರಿಗೆ ಈಗಿನ ಸ್ಥಿತಿ ಹೊಸದೆನಿಸದು. ಆಸ್ಪತ್ರೆಯ ದುಡಿಮೆಯ ಅಗತ್ಯದ ಕೆಳಗೆ ನರ್ಸಿಂಗ್ ವಿದ್ಯಾರ್ಥಿನಿಯರ ಕಲಿಕೆ ನಲುಗುತ್ತಿದೆ ಎಂದು ಅದು ನೂರು ವರ್ಷದ ಹಿಂದೆಯೇ ಎತ್ತಿ ತೋರಿಸಿತು. ಆಗ ವಿದ್ಯಾರ್ಥಿನಿಯ ದುಡಿಮೆಯ ಮೇಲೆ ಆಸ್ಪತ್ರೆ ನಡೆಯುತ್ತಿತ್ತು. ಈಗ ಅವಳ ಅಲೆದಾಟದ ಮೇಲೆ ಕೆಲವು ಕಾಲೇಜುಗಳು ನಡೆಯುತ್ತಿವೆ.

ಇನ್ನು ನಿಮ್ಮ ಮೂರು ಕಾಲೇಜುಗಳ ವಿಷಯ. ಮಾನ್ಯತೆ ಇದೆ ಎಂದಿರಿ. ಯಾರ ಮಾನ್ಯತೆ? ವಿಶ್ವವಿದ್ಯಾಲಯಕ್ಕೆ ಸಿಕ್ಕ ಮಾನ್ಯತೆ ಬೇರೆ, ನರ್ಸಿಂಗ್ ಕೋರ್ಸಿಗೆ ಸಿಕ್ಕದ್ದು ಬೇರೆ. ನಿಮಗೆ ಬೇಕಾದದ್ದು ಸಿ.ಸಿ.ಎನ್.ಇ., ಎ.ಸಿ.ಇ.ಎನ್. ಅಥವಾ ಸಿ.ಎನ್.ಇ.ಎ. ಎಂಬ ನರ್ಸಿಂಗ್ ಶಿಕ್ಷಣದ ಮಾನ್ಯತಾ ಸಂಸ್ಥೆ ಕೊಟ್ಟದ್ದು. ಕಾಲೇಜಿನ ಜಾಹೀರಾತನ್ನು ನಂಬದೆ ಆ ಸಂಸ್ಥೆಗಳ ಪಟ್ಟಿಯಲ್ಲೇ ಹೆಸರು ನೋಡಿ. ಅದಿಲ್ಲದಿದ್ದರೆ ಎ.ಎನ್.ಸಿ.ಸಿ. ಅಥವಾ ಎ.ಎ.ಎನ್.ಪಿ.ಸಿ.ಬಿ. ಸಂಸ್ಥೆಗಳು ನಡೆಸುವ ನರ್ಸ್ ಪ್ರಾಕ್ಟೀಷನರ್ ಸರ್ಟಿಫಿಕೇಷನ್ ಪರೀಕ್ಷೆಗೇ ಕೂರಿಸುವುದಿಲ್ಲ. ನಿಮ್ಮ ಬಿ.ಎಸ್ಸಿ. ಅಂಕಪಟ್ಟಿಯ ಮೌಲ್ಯಮಾಪನವನ್ನು ಕಾಲೇಜು ಯಾವ ಸಂಸ್ಥೆಯಿಂದ ಒಪ್ಪುತ್ತದೆ ಎಂಬುದನ್ನೂ ಈಗಲೇ ಕೇಳಿಕೊಳ್ಳಿ, ನಮ್ಮ ವಿಶ್ವವಿದ್ಯಾಲಯಗಳಿಂದ ಕಾಗದ ತರಿಸುವುದಕ್ಕೆ ಹಿಡಿಯುವ ಕಾಲ ನಿಮಗೇ ಗೊತ್ತು.

ಟ್ರ್ಯಾಕಿನ ಬಗ್ಗೆ ಒಂದು ಮಾತು, ನೀವು ಕೇಳದಿದ್ದರೂ. ನೀವಿರುವುದು ಆಸ್ಪತ್ರೆಯ ವಾರ್ಡಿನಲ್ಲಿ. ಡಿಗ್ರಿಯಾದ ಮೇಲೂ ಅಲ್ಲೇ, ಒಳರೋಗಿಗಳ ನಡುವೆ ಕೆಲಸ ಮಾಡುವ ಮನಸ್ಸಿದ್ದರೆ ಫ್ಯಾಮಿಲಿ ಟ್ರ್ಯಾಕ್ ತಪ್ಪು ಆಯ್ಕೆ. ಅದು ಪ್ರೈಮರಿ ಕೇರಿನ ತರಬೇತಿ. ಒಳರೋಗಿಗಳಿಗಾಗಿ ಇರುವುದು ಅಡಲ್ಟ್-ಜೆರೊಂಟಾಲಜಿ ಅಕ್ಯೂಟ್ ಕೇರ್ (ದೊಡ್ಡವರ, ವೃದ್ಧರ ತೀವ್ರ ಕಾಯಿಲೆಗಳ ಆರೈಕೆ) ಟ್ರ್ಯಾಕ್. 2008ರ ಎ.ಪಿ.ಆರ್.ಎನ್. ಕನ್ಸೆನ್ಸಸ್ ಮಾಡೆಲ್ (ಉನ್ನತ ತರಬೇತಿಯ ನರ್ಸುಗಳ ನಿಯಂತ್ರಣಕ್ಕೆ ರೂಪಿಸಿದ ರಾಷ್ಟ್ರೀಯ ಮಾದರಿ) ಬಂದ ಮೇಲೆ ಲೈಸೆನ್ಸು, ಸರ್ಟಿಫಿಕೇಷನ್ನು, ಓದಿದ ಟ್ರ್ಯಾಕು ಮೂರೂ ಒಂದಕ್ಕೊಂದು ತಾಳೆಯಾಗಬೇಕು. ತಾಳೆಯಾಗದವರು ಮತ್ತೆ ಪೋಸ್ಟ್-ಮಾಸ್ಟರ್ಸ್ ಸರ್ಟಿಫಿಕೇಟಿಗೆ ಹಣ ಸುರಿಯುತ್ತಾರೆ.

ಊರು ಬದಲಿಸುವ ಯೋಚನೆಯಿದ್ದರೆ ಎಚ್ಚರ. ಸಾರಾ ಎಂಬ ಅಂತರರಾಜ್ಯ ಒಪ್ಪಂದದಲ್ಲಿರುವ ರಾಜ್ಯಗಳಲ್ಲಿ ಹೊರರಾಜ್ಯದ ಕಾಲೇಜು ಆನ್‌ಲೈನ್ ಪಾಠ ಮಾಡಬಹುದು (ಕ್ಯಾಲಿಫೋರ್ನಿಯಾ ಅದರಲ್ಲಿಲ್ಲ). ಆದರೆ ಲೈಸೆನ್ಸು ಕೊಡುವುದು ಆಯಾ ರಾಜ್ಯದ ನರ್ಸಿಂಗ್ ಬೋರ್ಡೇ. ನಿಮ್ಮ ರಾಜ್ಯದ ಲೈಸೆನ್ಸಿಗೆ ಬೇಕಾದ ಶಿಕ್ಷಣ ಈ ಕೋರ್ಸಿನಲ್ಲಿದೆಯೇ ಎಂಬುದನ್ನು ಬರಹದಲ್ಲಿ ಕೇಳಿ. ಹಲವು ರಾಜ್ಯಗಳಲ್ಲಿ ನಡೆಯುವ ಟೆಕ್ಸಾಸಿನ ಮಲ್ಟಿಸ್ಟೇಟ್ ಲೈಸೆನ್ಸು ನಿಮ್ಮ ಈಗಿನ ಆರ್.ಎನ್. (ನೋಂದಾಯಿತ ನರ್ಸ್) ಕೆಲಸಕ್ಕೆ ಸಲ್ಲುತ್ತದೆ, ನರ್ಸ್ ಪ್ರಾಕ್ಟೀಷನರ್ ಕೆಲಸಕ್ಕೆ ಸಲ್ಲದು.

ಪಾಸಾದವರ ಶೇಕಡಾವಾರು ನೋಡಿ ಮರುಳಾಗಬೇಡಿ. ನೂರು ಮಂದಿ ಸೇರಿ ನಲವತ್ತು ಜನ ಮುಗಿಸಿ ಮೂವತ್ತೆಂಟು ಜನ ಪಾಸಾದರೂ ಫಲಕದ ಮೇಲೆ ಬರುವುದು ಶೇಕಡಾ 95 ಎಂದೇ. ಸೇರಿದವರೆಷ್ಟು, ಹೇಳಿದ ಅವಧಿಯಲ್ಲಿ ಮುಗಿಸಿದವರೆಷ್ಟು, ಮೊದಲ ಯತ್ನದಲ್ಲಿ ತೇರ್ಗಡೆಯಾದವರೆಷ್ಟು, ಮೂರು ವರ್ಷದ್ದನ್ನು ಕೊಡಿ ಎನ್ನಿ. "ಅತ್ಯುತ್ತಮ ಹತ್ತು ಆನ್‌ಲೈನ್ ಕೋರ್ಸುಗಳು" ಎಂಬ ಪಟ್ಟಿಗಳ ವಿಷಯ ಬರೆಯುವುದಕ್ಕೂ ನನಗೆ ಮನಸ್ಸಿಲ್ಲ. ಫೋನ್ ನಂಬರು ಕೇಳುವ ಪಟ್ಟಿಗಳಲ್ಲಿ ಹೆಚ್ಚಿನವು ನಿಮ್ಮ ನಂಬರನ್ನು ಕಾಲೇಜುಗಳಿಗೆ ಮಾರಿ ಬದುಕುವಂಥವು.

ಹಣಕ್ಕೆ ಬಂದರೆ, ಕ್ರೆಡಿಟ್ಟಿನ ದರವನ್ನು ಕ್ರೆಡಿಟ್ಟಿನ ಸಂಖ್ಯೆಯಿಂದ ಗುಣಿಸಿ ನಿಲ್ಲಿಸಬೇಡಿ. ಟೆಕ್ನಾಲಜಿ ಫೀಸು, ಪ್ರತಿ ಟರ್ಮಿನ ಕ್ಲಿನಿಕಲ್ ಫೀಸು, ಗಂಟೆ ದಾಖಲಿಸುವ ಸಾಫ್ಟ್‌ವೇರು, ಕ್ಯಾಂಪಸ್ಸಿಗೆ ಹೋಗಿ ಬರುವ ವಿಮಾನ, ವಸತಿ ಎಲ್ಲ ಬರೆಯಿರಿ. ಉದ್ಯೋಗದಾತರ ನೆರವಿನಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆಯಿಲ್ಲ, ಬಿಡಬೇಡಿ. ಸ್ನಾತಕೋತ್ತರ ವಿದ್ಯಾರ್ಥಿಗಳ ಫೆಡರಲ್ ಗ್ರ್ಯಾಡ್ ಪ್ಲಸ್ ಸಾಲವಿದೆಯಲ್ಲ ಎಂದುಕೊಂಡಿದ್ದರೆ, 2025ರ ಕಾಯ್ದೆಯ ಪ್ರಕಾರ 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಅದಿಲ್ಲ.

ಪ್ರಿಸೆಪ್ಟರುಗಳನ್ನೂ ನಾನು ದೂರಲಾರೆ. ಅರ್ಧ ಗಂಟೆಗೆ ಇಬ್ಬರು ರೋಗಿಗಳನ್ನು ನೋಡಬೇಕಾದವರು, ವಿದ್ಯಾರ್ಥಿ ಬರೆದ ಪ್ರತಿ ನೋಟನ್ನೂ ತಿದ್ದಿ, ಅವಳು ಆಲಿಸಿದ ಎದೆಯನ್ನು ತಾವೂ ಮತ್ತೊಮ್ಮೆ ಆಲಿಸಿ, ಮನೆಗೆ ತಡವಾಗಿ ಹೋಗುತ್ತಾರೆ. ಬಹುಪಾಲು ಕಾಲೇಜುಗಳು ಅವರಿಗೆ ಕೊಡುವುದು ಒಂದು ಪ್ರಮಾಣಪತ್ರ. ಜಾರ್ಜಿಯಾ, ಮೇರಿಲ್ಯಾಂಡ್, ಹವಾಯಿ ಮುಂತಾದ ಕೆಲವು ರಾಜ್ಯಗಳು ಪ್ರಿಸೆಪ್ಟರುಗಳಿಗೆ ತೆರಿಗೆ ರಿಯಾಯಿತಿ ಕೊಡುವ ಕಾನೂನು ಮಾಡಿವೆ. ಉಳಿದವರು ಇನ್ನೂ ಸೇವಾಮನೋಭಾವದ ಹೆಸರು ಹೇಳಿಕೊಂಡೇ ಕಾಲ ತಳ್ಳುತ್ತಿದ್ದಾರೆ. ನರ್ಸಿಂಗಿನಲ್ಲಿ ಏನೇ ಕೊರತೆ ಬಿದ್ದರೂ ಅದನ್ನು ನರ್ಸುಗಳ ಪುಕ್ಕಟೆ ದುಡಿಮೆಯಿಂದಲೇ ತುಂಬಿಸುವ ಚಾಳಿ ಯಾವ ದೇಶವನ್ನೂ ಬಿಟ್ಟಿಲ್ಲ. ಕಲಿಯುವವಳಿಗೂ ಕಲಿಸುವವಳಿಗೂ ಲೆಕ್ಕಕ್ಕೆ ಬಾರದ ಗಂಟೆಗಳು. ನಡುವೆ ನಿಂತವರಿಗೆ ಮಾತ್ರ ಪೂರ್ತಿ ಫೀಸು.

ನೀವು ಈಗ ಮಾಡಬೇಕಾದ್ದು ಇಷ್ಟು. ಮೂರೂ ಕಾಲೇಜುಗಳಿಂದ ಸ್ಟೂಡೆಂಟ್ ಹ್ಯಾಂಡ್‌ಬುಕ್ ತರಿಸಿ, ಕ್ಲಿನಿಕಲ್ ಅಧ್ಯಾಯವನ್ನು ಓದಿ. ಅಡ್ಮಿಷನ್ ವಿಭಾಗದವರನ್ನು ಬಿಟ್ಟು ಕ್ಲಿನಿಕಲ್ ಕೋಆರ್ಡಿನೇಟರನ್ನೇ ಕೇಳಿ: ನನ್ನ ಜಿಲ್ಲೆಯಲ್ಲಿ ನಿಮಗೆ ಈಗ ಒಪ್ಪಂದವಿರುವ ಕ್ಲಿನಿಕ್ಕುಗಳು ಯಾವುವು? ಮಕ್ಕಳ ವಿಭಾಗಕ್ಕೆ ಕಳೆದ ವರ್ಷ ಎಷ್ಟು ಮಂದಿಗೆ ಜಾಗ ಕೊಟ್ಟಿರಿ? ಜಾಗ ಸಿಗದಿದ್ದರೆ ಕಟ್ಟಿದ ಫೀಸು ಏನಾಗುತ್ತದೆ? ನಾನು ರೋಗಿಯನ್ನು ಪರೀಕ್ಷಿಸುವಾಗ ನಿಮ್ಮ ಅಧ್ಯಾಪಕರು ಬಂದು ನೋಡುತ್ತಾರೆಯೇ, ಎಷ್ಟು ಸಲ? ಪಟ್ಟಿಯೊಂದನ್ನು ಕೊಟ್ಟು "ನೀವೇ ಫೋನ್ ಮಾಡಿಕೊಳ್ಳಿ" ಎನ್ನುವುದನ್ನೂ ಕೆಲವರು ನೆರವು ಎಂದೇ ಕರೆಯುತ್ತಾರೆ, ಒಪ್ಪಬೇಡಿ. ಉತ್ತರ ಇಮೇಲಿನಲ್ಲೇ ಬರಲಿ. ಮೂರು ವಾರದಲ್ಲಿ ಇದು ಮುಗಿಯದಿದ್ದರೆ ಆಗಸ್ಟನ್ನು ಬಿಡಿ. ಅನೇಕ ಆನ್‌ಲೈನ್ ಕೋರ್ಸುಗಳಿಗೆ ಜನವರಿಯಲ್ಲೂ ಪ್ರವೇಶವಿರುತ್ತದೆ.