ಓದುಗರ ಪ್ರಶ್ನೆ: ಬ್ರೇಕ್ ಕಿರ್ ಅಂತೈತಿ, ಗ್ಯಾರೇಜಿನವರು 15 ಸಾವಿರ ಅಂತಾರ

ಮಳಿ ಮುಗದು ಕಬ್ಬಿನ ಸೀಸನ್ ಸುರು ಆಗೋ ಹೊತ್ತಿಗೆ ಬ್ರೇಕಿನ ಪತ್ರ ಜಾಸ್ತಿ ಬರ್ತಾವ. ಈ ಸಲ ಬಂದಿದ್ದರಾಗ ಮೂರು ತಗೊಂಡೇನಿ, ಉಳದವರಿಗೂ ಇದರಾಗ ಉತ್ತರ ಸಿಗ್ತೈತಿ ಅನ್ಕೊಂಡೇನಿ.

ಪ್ರಶ್ನೆ: ನಮಸ್ಕಾರ್ರೀ. ನಂದು 2016ರ ಸಣ್ಣ ಕಾರು, 62 ಸಾವಿರ ಕಿ.ಮೀ. ಓಡೇತಿ. ಮಗಳು ಪಣಜ್ಯಾಗ ನೌಕರಿ ಮಾಡ್ತಾಳ, ತಿಂಗಳಿಗೆ ಎರಡು ಸಲ ಜಾಂಬೋಟಿ ದಾಟಿ ಚೋರ್ಲಾ ಘಾಟ್ ಇಳದು ಹೋಗಿ ಬರ್ತೇವಿ. ಈಗ ಒಂದು ತಿಂಗಳಿಂದ ಬ್ರೇಕ್ ಒತ್ತಿದ್ರ ಕಿರ್ರ್ ಅಂತೈತಿ. ಗ್ಯಾರೇಜಿಗೆ ಒಯ್ದ್ರ ಗಾಡಿ ಒಂದು ರೌಂಡ್ ಹೊಡದು ಬಂದು ಎಸ್ಟಿಮೇಟ್ ಬರದು ಕೊಟ್ರು: ಮುಂದಿನ ಪ್ಯಾಡ್ 2,400, ಡಿಸ್ಕ್ ಎರಡು 5,600, ಹಿಂದಿನ ಲೈನರ್ 1,800, ಕ್ಯಾಲಿಪರ್ ಓವರ್‌ಹಾಲ್ 1,600, ಬ್ರೇಕ್ ಆಯಿಲ್ 450, ಕ್ಲೀನಿಂಗ್ 800, ಲೇಬರ್ 2,200. ಇವತ್ತೇ ಮಾಡಸ್ರಿ, ಇಲ್ಲಂದ್ರ ಘಾಟಿನ್ಯಾಗ ಬ್ರೇಕ್ ಫೇಲ್ ಆಗ್ತೈತಿ ಅಂದ್ರು. ನಾನು ರಿಟೈರ್ ಆದಾಂವ, ಖರೇನ ಇಷ್ಟು ಬೇಕಾಗ್ತೈತೇನ್ರಿ? – ಒಬ್ಬ ಓದುಗ, ಬೆಳಗಾವಿ

ಉತ್ತರ: ಸರ್, ಮೊದಲ ಒಂದು ಮಾತು, ಆ ಗಾಲಿ ಬಿಚ್ಚಿ ನೋಡೋತನಕ ಚೋರ್ಲಾ ಕಡೆ ಹೋಗಬ್ಯಾಡ್ರಿ, ಮಗಳಿಗೆ ಈ ಸಲ ಬಸ್ಸಿಗೆ ಬಾ ಅಂತ ಹೇಳ್ರಿ. ಇನ್ನ ಎಸ್ಟಿಮೇಟಿಗೆ ಬರ್ತೇನಿ. ನೀವು ಬರದದ್ದರಾಗ ನನಗ ಎದ್ದು ಕಾಣೋದು ಏನಂದ್ರ ಅವರು ಒಂದು ಗಾಲೀನೂ ಬಿಚ್ಚಿಲ್ಲ, ರೌಂಡ್ ಹೊಡದು ಬಂದು 14,850 ರೂಪಾಯಿ ಬರದಾರ. ಕಿವಿಲೆ ಕೇಳಿ ಪ್ಯಾಡ್ (ಗಾಲಿ ಜೋಡಿ ತಿರಗೋ ಡಿಸ್ಕ್ ತಟ್ಟಿನ್ನ ಎರಡೂ ಬಾಜೂಲಿಂದ ಒತ್ತಿ ಹಿಡಿಯೋದು) ಸವದೈತಿ ಅಂತ ಹೇಳಬಹುದು, ಡಿಸ್ಕ್ ಎಷ್ಟು ದಪ್ಪ ಉಳದೈತಿ, ಹಿಂದಿನ ಡ್ರಮ್ಮಿನ್ಯಾಗ ಲೈನರ್ ಹೆಂಗೈತಿ ಅನ್ನೋದನ್ನ ಕಿವಿಲೆ ಹೇಳಾಕ ಯಾವ ಮಿಸ್ತ್ರಿಗೂ ಆಗಂಗಿಲ್ಲ.

ಆ ಕಿರ್ರ್ ಸಪ್ಪಳ ಎಲ್ಲಿಂದ ಬರ್ತೈತಿ ಅಂದ್ರ ಭಾಳ ಪ್ಯಾಡಿಗೆ ಒಂದು ಸಣ್ಣ ತಗಡಿನ ನಾಲಿಗಿ ಕೂಡಿಸಿರ್ತಾರ, ಪ್ಯಾಡ್ ಸವದು ಎರಡು ಮೂರು ಮಿ.ಮೀ.ಗೆ ಬಂದಾಗ ಅದು ಡಿಸ್ಕಿಗೆ ತಾಗಿ ಕಿರಚಾಕ ಹತ್ತತೈತಿ. ಹೊಸಾ ಪ್ಯಾಡ್ ಸುಮಾರು 10 ಮಿ.ಮೀ. ಇರ್ತೈತಿ. ಮಳ್ಯಾಗ ರಾತ್ರಿ ನಿಂತ ಗಾಡಿ ಮುಂಜಾನೆ ಎರಡು ಮೂರು ಬ್ರೇಕಿಗೆ ಕಿರ್ ಅಂದು ಆಮ್ಯಾಲ ಸುಮ್ಮನಾದ್ರ ಅದು ಡಿಸ್ಕಿನ ಮ್ಯಾಲಿನ ತುಕ್ಕು, ಖಾನಾಪುರ ಕಡೆ ಇರೋವ್ರಿಗೆ ಇದು ಮಳಿಗಾಲದಾಗ ದಿನಾ ಇದ್ದದ್ದ, ಅದಕ್ಕ ರೊಕ್ಕ ಹಾಕೋದು ಬ್ಯಾಡ. ನಿಮ್ಮದು ತಿಂಗಳಿಂದ ಐತಿ ಅಂದ್ರ ಪ್ಯಾಡಿಂದ ಇರಬೇಕು.

ಈಗ ಹೆಂಗ ಮಾಡ್ರಿ ಅಂದ್ರ, ಆಟೋನಗರದಾಗ ಆಗಲಿ ನಿಮ್ಮ ಓಣ್ಯಾಗಿನ ಗ್ಯಾರೇಜಿನ್ಯಾಗ ಆಗಲಿ, ಗಾಲಿ ಬಿಚ್ಚಿ ನನ್ನ ಮುಂದ ತೋರಸ್ರಿ ಅಂತ ಕೇಳ್ರಿ, ಬಿಚ್ಚೋದಕ್ಕ ನೂರಿನ್ನೂರು ಕೇಳಿದ್ರ ಕೊಡ್ರಿ, ಅದು ದಂಡ ಅಲ್ಲ. ಹೊರಗಿನ ಪ್ಯಾಡ್ ಅಷ್ಟ ನೋಡಿ ಬರಬ್ಯಾಡ್ರಿ, ಒಳಗಿನ ಪ್ಯಾಡ್ ನೋಡ್ರಿ. ಕ್ಯಾಲಿಪರಿನ (ಪ್ಯಾಡ್ ಹಿಡಕೊಂಡು ಡಿಸ್ಕಿಗೆ ಒತ್ತೋ ಭಾಗ) ಪಿನ್ ಒಣಗಿ ಹಿಡಕೊಂಡಿದ್ರ ಒಳಗಿಂದು ಪೂರ್ತಿ ಸವದಿರ್ತೈತಿ, ಹೊರಗಿಂದು ಹೊಸಾದ್ರಗತೆ ಕಾಣ್ತೈತಿ. ಹಂಗಿದ್ರ ಪಿನ್ ತೆಗದು ತೊಳದು ಬ್ರೇಕಿಗೆ ಬರೋ ಗ್ರೀಸ್ ಹಚ್ಚಿದ್ರ ಸಾಕು, ಆಯಿಲಿನ ಒತ್ತಡಕ್ಕ ಪ್ಯಾಡ್ ದಬ್ಬೋ ಪಿಸ್ಟನ್ ಹತ್ರ ಆಯಿಲ್ ಸೋರತಿದ್ರ ಇಲ್ಲಾ ಪಿಸ್ಟನ್ ಜಾಮ್ ಆಗಿದ್ರ ಮಾತ್ರ ಆ 1,600ರ ಓವರ್‌ಹಾಲ್.

ಡಿಸ್ಕಿನ ಮಾತು ಅಂದ್ರ, ಡಿಸ್ಕಿನ ಮ್ಯಾಲೆ ಕಂಪನಿಯವರ ಕನಿಷ್ಠ ದಪ್ಪ ಇಷ್ಟು ಅಂತ ಮಿ.ಮೀ. ಲೆಕ್ಕದಾಗ ಒತ್ತಿರ್ತಾರ, ತುಕ್ಕು ಒರಸಿ ಹುಡಕಿದ್ರ ಕಾಣ್ತೈತಿ. ಮಿಸ್ತ್ರಿ ಕಡೆ ಅಳತಿ ಮಾಡೋ ಸಾಮಾನು ಇದ್ದ ಇರ್ತೈತಿ, ಅಳದು ಹೇಳಪಾ ಅನ್ರಿ. ಆ ನಂಬರಿಗಿಂತ ಕಮ್ಮಿ ಬಂದ್ರ 5,600 ಕೊಟ್ಟ ಹಾಕಸ್ರಿ, ಚೌಕಾಸಿ ಬ್ಯಾಡ. ಜಾಸ್ತಿ ಐತಿ, ಆಳದ ಗೆರಿ ಇಲ್ಲ, ಜೋರಿನ್ಯಾಗ ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡಗೂದಿಲ್ಲ ಅಂದ್ರ ಡಿಸ್ಕ್ ಬದಲಿ ಮಾಡೋ ಕಾರಣ ಇಲ್ಲ. ಹಿಂದಿನ ಲೈನರ್ ಸೈತ ಹಂಗ, ಬ್ರೇಕ್ ಒತ್ತಿದಾಗ ಗಾಡಿ ಭಾರ ಮುಂದ ಬೀಳ್ತೈತಿ, ಕೆಲಸ ಮುಂದಿನ ಬ್ರೇಕ ಜಾಸ್ತಿ ಮಾಡ್ತಾವ, ಹಿಂದಿನ ಲೈನರ್ ಭಾಳ ದಿನಾ ಬರ್ತಾವ. ಡ್ರಮ್ ತೆಗದು ನೋಡದ ಹೂಂ ಅನಬ್ಯಾಡ್ರಿ.

ಡಿಸ್ಕ್, ಲೈನರ್, ಓವರ್‌ಹಾಲ್ ಮೂರೂ ಬ್ಯಾಡ ಅಂತ ಆದ್ರ 9,000 ಕಮ್ಮಿ ಆತು, ಉಳದದ್ದು 5,850. ಅದರಾಗ ಕ್ಲೀನಿಂಗ್ 800 ಯಾಕ ಬ್ಯಾರೆ ಅಂತ ಕೇಳ್ರಿ, ಪ್ಯಾಡ್ ಹಾಕೋ ಮುಂದ ಸ್ವಚ್ಛ ಮಾಡೋದು ಆ ಕೆಲಸದಾಗ ಬಂತು. ಕೆಲಸ ಕಮ್ಮಿ ಆದ ಮ್ಯಾಲ 2,200 ಲೇಬರೂ ಇಳೀಬೇಕು. ಆದ್ರ ನಂದೊಂದು ವಿನಂತಿ, ಬಿಸಲಾಗ ಗಾಡಿ ಕೆಳಗ ಮಲಗಿ ಕೆಲಸ ಮಾಡೋ ಹುಡುಗುರ ಕೂಲಿ ಹಿಡದು ಎಳದಾಡಬ್ಯಾಡ್ರಿ, ಬ್ಯಾಡಾದ ಪಾರ್ಟ್ ತಗಸ್ರಿ. ಪ್ಯಾಡ್ ಎರಡೂ ಕಡೆ ಜೋಡಿನ ಹಾಕಸ್ರಿ, ಒಂದ ಕಡೆ ಹಾಕಿದ್ರ ಗಾಡಿ ಬ್ರೇಕಿಗೆ ಒಂದ ಬಾಜೂಕ ಎಳೀತೈತಿ.

ಬ್ರೇಕ್ ಆಯಿಲಿನ 450 ಮಾತ್ರ ಬಿಡಬ್ಯಾಡ್ರಿ. ಈ ಆಯಿಲ್ ಗಾಳ್ಯಾಗಿನ ನೀರು ಹೀರ್ತೈತಿ. ಡಾಟ್ 3 ಅನ್ನೋ ದರ್ಜೆದ ಬ್ರೇಕ್ ಆಯಿಲ್ ಹೊಸಾದಿದ್ದಾಗ 205 ಡಿಗ್ರಿತನಕ ಕುದ್ಯಂಗಿಲ್ಲ, ನೀರು ಕುಡದ ಮ್ಯಾಲ ಅದ 140ಕ್ಕ ಇಳೀಬಹುದು. ಚೋರ್ಲಾ ಇಳಿವಾಗ ತಿರುವಿಗೊಮ್ಮೆ ಬ್ರೇಕ್ ಒತ್ತಿಕೋತ ಹೋದ್ರ ಕ್ಯಾಲಿಪರ್ ಕಾಯ್ತೈತಿ, ಆಯಿಲಿನ್ಯಾಗ ಹಬಿ ಗುಳ್ಳಿ ಏಳ್ತಾವ, ಆಗ ಪೆಡಲ್ ಒತ್ತಿದ್ರ ಗುಳ್ಳಿ ಅಷ್ಟ ಒತ್ತತೈತಿ, ಬ್ರೇಕ್ ಹತ್ತಂಗಿಲ್ಲ. ಪ್ಯಾಡ್ ಹೊಸಾದಿದ್ರೂ ಇದು ಆಗ್ತೈತಿ. ಎರಡು ವರ್ಷಕ್ಕೊಮ್ಮೆ ಬದಲಿ ಮಾಡಸ್ರಿ, ಇಳಿವಾಗ ಎರಡನೇ ಗೇರಿನ್ಯಾಗ ಇಳೀರಿ, ಎಂಜಿನ್ನ ಗಾಡಿ ಹಿಡೀತೈತಿ. ಹೊಸಾ ಪ್ಯಾಡ್ ಹಾಕಿದ ಮ್ಯಾಲ ಮೊದಲ 200-300 ಕಿ.ಮೀ. ಊರಾಗ ಮೆತ್ತಗ ಓಡಸ್ರಿ, ಪ್ಯಾಡ್ ಡಿಸ್ಕಿಗೆ ಕೂಡಬೇಕು, ಆಮ್ಯಾಲ ಘಾಟ್.

ಪ್ರಶ್ನೆ: ಅಣ್ಣಾರ, ನಮ್ಮ ಗಾಡ್ಯಾಗ ಬ್ರೇಕಿನ ಕೆಂಪು ಲೈಟ್ ಹತ್ತಿತ್ತು, ಬಾಟ್ಲಿ ನೋಡಿದ್ರ ಆಯಿಲ್ ಕಮ್ಮಿ ಇತ್ತು, ಹಾಕಿದೆ, ಲೈಟ್ ಹೋತು. ಕಿರ್ ಅಂತಿತ್ತು, ಅದೂ ಹೋತು. ಈಗ ಹದಿನೈದು ದಿನದಿಂದ ಗರ್ ಗರ್ ಅಂತೈತಿ, ಪೆಡಲ್ ಕಾಲಿಗೆ ಜುಮ್ ಅಂತೈತಿ. ಕಬ್ಬು ಕಡಿಯೋ ಸೀಸನ್, ಪುರಸೊತ್ತಿಲ್ಲ, ಜನವರಿತನಕ ನಡೀತೈತೇನ್ರಿ? – ಮುಧೋಳ ತಾಲೂಕಿನ ರೈತ

ಉತ್ತರ: ಇಲ್ಲ ತಮ್ಮಾ, ನಾಳಿತನಕನೂ ನಡ್ಯಂಗಿಲ್ಲ. ಪ್ಯಾಡ್ ಸವದಂಗ ಪಿಸ್ಟನ್ ಹೊರಗ ಬರ್ತೈತಿ, ಅದರ ಹಿಂದ ಆಯಿಲ್ ತುಂಬಕೋತೈತಿ, ಹಿಂಗಾಗಿ ಬಾಟ್ಲ್ಯಾಗ ಇಳೀತೈತಿ. ಆ ಲೈಟ್ ಪ್ಯಾಡ್ ನೋಡ್ರಿ ಅಂತ ಹೇಳಾಕ ಹತ್ತಿತ್ತು, ನೀನು ಆಯಿಲ್ ಹಾಕಿ ಅದರ ಬಾಯಿ ಮುಚ್ಚಿದಿ. ಕಿರ್ ಹೋಗಿ ಗರ್ ಬಂತು ಅಂದ್ರ ಪ್ಯಾಡಿನ ಲೈನಿಂಗ್ ಖಾಲಿ, ಹಿಂದಿನ ಕಬ್ಬಿಣದ ಪಟ್ಟಿನ ಡಿಸ್ಕ್ ಕೊರ್ಯಾಕ ಹತ್ತೈತಿ. ಕಿರ್ ಅಂದಾಗ ಬಂದಿದ್ರ ಪ್ಯಾಡಿನ ರೊಕ್ಕದಾಗ ಮುಗೀತಿತ್ತು, ಈಗ ಡಿಸ್ಕಿಗೂ ಇಡಬೇಕು. ಗೆರಿ ಸಣ್ಣದಿದ್ದು ದಪ್ಪ ಉಳದಿದ್ರ ಲೇಥಿನ್ಯಾಗ ಟರ್ನಿಂಗ್ ಮಾಡಿಸಿ ಡಿಸ್ಕಿನ ಮ್ಯಾಲಿನ ಪದರ ತಗಸಬಹುದು, ತೆಗದ ಮ್ಯಾಲೂ ಕನಿಷ್ಠ ದಪ್ಪಕ್ಕಿಂತ ಜಾಸ್ತಿ ಉಳೀಬೇಕು, ಇಲ್ಲಂದ್ರ ಹೊಸಾದ.

ಇದರಾಗ ಜೀವದ ಮಾತೈತಿ, ಅದಕ್ಕ ಜೋರ ಹೇಳಾಕತ್ತೇನಿ. ರಾತ್ರಿ ನಿಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರ್ ಎರಡೆರಡು ಟ್ರೇಲರ್ ಕಟಗೊಂಡು ಹೋಗ್ತಾವ, ಹಿಂದ ಲೈಟಿಲ್ಲ, ರಿಫ್ಲೆಕ್ಟರ್ ಇದ್ರೂ ಧೂಳಾಗ ಕಾಣಂಗಿಲ್ಲ, ಹತ್ರ ಬಂದ ಮ್ಯಾಲ ಗೊತ್ತಾಗ್ತೈತಿ. ಅಂಥಾ ರೋಡಿನ್ಯಾಗ ಕಬ್ಬಿಣಕ್ಕ ಕಬ್ಬಿಣ ತಿಕ್ಕೋ ಬ್ರೇಕ್ ಇಟಗೊಂಡು ಮನಿ ಮಂದಿನ್ನ ಕೂಡಿಸಿಕೊಂಡು ಹೋಗಬ್ಯಾಡ. ಮಿಸ್ತ್ರಿನ್ನ ಹೊಲದ ಮನಿಗೇ ಕರಸು, ಇಲ್ಲಾ ಎಳಸಿಕೊಂಡು ಹೋಗು. ನೀನು ಮ್ಯಾಲ ಆಯಿಲ್ ಹಾಕೀದಿ ಅಂತ ಅವಗ ಮೊದಲ ಹೇಳು, ಹೊಸಾ ಪ್ಯಾಡ್ ಕೂಡಸಾಕ ಪಿಸ್ಟನ್ ಒಳಗ ದಬ್ಬಿದಾಗ ಅದು ತುಂಬಿ ಹೊರಗ ಚೆಲ್ಲತೈತಿ, ಪೇಂಟಿಗೆ ಬಿದ್ರ ಪೇಂಟ್ ಸುಲೀತೈತಿ. ಹಾಕಿದ್ದು ಬ್ರೇಕ್ ಆಯಿಲ್ ಹೌದಲ್ಲ? ಎಂಜಿನ್ ಆಯಿಲ್ ಹಾಕಿದ್ರ ಒಳಗಿನ ರಬ್ಬರ್ ಎಲ್ಲಾ ಉಬ್ಬಿ ಹಾಳಾಗ್ತಾವ.

ಪ್ರಶ್ನೆ: ನಾನು ಶಿಕ್ಷಕಿ, ವಿಜಯಪುರದಿಂದ ಸಿಂದಗಿ ಕಡೆಗೆ ದಿನಾ ಕಾರಲ್ಲಿ ಹೋಗ್ತೀನಿ. ಒಂದು ಗ್ಯಾರೇಜಿನಲ್ಲಿ ಬ್ರೇಕ್ ಕೆಲಸ ಮಾಡಿಸಿದೆ, ಪಾರ್ಟ್ಸ್ ಬದಲಾಯಿಸಿದೀವಿ ಅಂತ ಬಿಲ್ ಕೊಟ್ರು, ಹಳೇದು ಎಲ್ಲಿ ಅಂದ್ರೆ ಗುಜರಿಗೆ ಹಾಕಿದೀವಿ ಅಂದ್ರು, ಬಾಕ್ಸಿನ ಮೇಲಿನ ಎಂಆರ್‌ಪಿ ಮೇಲೆ ಮತ್ತೆ ಜಿಎಸ್‌ಟಿ ಹಾಕಿದಾರೆ. ಈಗ ಪೆಡಲ್ ಸ್ಪಂಜಿನ ತರ ಒಳಗೆ ಹೋಗುತ್ತೆ. ಕೇಳಿದ್ರೆ ಮೇಡಂ ನಿಮಗೆ ಅದು ತಿಳಿಯಲ್ಲ, ಹೊಸಾದು ಹಂಗೇ ಇರುತ್ತೆ ಅಂತಾರೆ.

ಉತ್ತರ: ಅಕ್ಕಾರ, ನಿಮಗ ತಿಳದದ್ದು ಬರೋಬ್ಬರಿ ಐತಿ. ಸ್ಪಂಜಿನಗತೆ ಹೋಗೋ ಪೆಡಲ್ ಅಂದ್ರ ಲೈನಿನ್ಯಾಗ ಗಾಳಿ ಐತಿ ಇಲ್ಲಾ ಎಲ್ಲೋ ಸೋರಾಕ ಹತ್ತೈತಿ, ಹೊಸಾ ಪ್ಯಾಡಿಗೂ ಅದಕ್ಕೂ ಸಂಬಂಧ ಇಲ್ಲ. ನಾಕೂ ಗಾಲಿಯಿಂದ ಏರ್ ತೆಗೀಬೇಕು, ಆ ಕೆಲಸ ಅವರ ಬಿಲ್ಲಿನ್ಯಾಗ ಬಂದ ಹೋಗೇತಿ, ಮತ್ತ ರೊಕ್ಕ ಕೇಳಂಗಿಲ್ಲ. ಏರ್ ತೆಗದ ಮ್ಯಾಲ ಎಂಜಿನ್ ಚಾಲೂ ಇಟ್ಟು ಪೆಡಲ್ ಗಟ್ಟಿ ಒತ್ತಿ ಹಿಡೀರಿ, ಮೆಲ್ಲಕ ಕೆಳಗ ಇಳಕೋತ ಹೋತಂದ್ರ ಸೋರೋದು ಇನ್ನೂ ಐತಿ, ಗಾಡಿ ಇಸ್ಕೋಬ್ಯಾಡ್ರಿ.

ಎಂಆರ್‌ಪಿ ಅಂದ್ರ ಎಲ್ಲಾ ತೆರಿಗಿ ಸೇರಿಸಿದ ದರ. ಬಿಲ್ಲಿನ್ಯಾಗ ಪಾರ್ಟಿನ ದರ ಬ್ಯಾರೆ ಜಿಎಸ್‌ಟಿ ಬ್ಯಾರೆ ಬರದ್ರ ತಪ್ಪಲ್ಲ, ಎರಡೂ ಕೂಡಿಸಿದ್ರ ಎಂಆರ್‌ಪಿ ದಾಟಬಾರದು. ಇನ್ನೊಂದು ನೋಡ್ರಿ, 2025ರ ಸೆಪ್ಟೆಂಬರ್ 22ರಿಂದ ಬ್ರೇಕ್ ಪಾರ್ಟ್ಸ್ ಮ್ಯಾಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳದೈತಿ, ಇನ್ನೂ 28 ಅಂತ ಬರದಿದ್ರ ಅಲ್ಲೇ ತೋರಸ್ರಿ.

ಜಗಳ ಮಾಡಾಕ ಹೋಗಬ್ಯಾಡ್ರಿ, ಬಿಲ್ಲಿನ ಫೋಟೋ, ಬಾಕ್ಸಿನ ಫೋಟೋ, ಪೆಡಲ್ ಒಳಗ ಹೋಗೋ ವಿಡಿಯೋ ಇಟಗೊಂಡು ಏನ್ ಸರಿ ಆಗಬೇಕು ಅಂತ ವಾಟ್ಸಾಪಿನ್ಯಾಗ ಬರದು ಕಳಸ್ರಿ, ಬರವಣಿಗಿ ಉಳೀತೈತಿ. ಕೇಳದಿದ್ರ 1915ಕ್ಕ ಫೋನ್ ಹಚ್ರಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಾಗ ಮಾತಾಡಬಹುದು. ಅಲ್ಲೂ ಆಗಲಿಲ್ಲಂದ್ರ ವಿಜಯಪುರದಾಗ ಜಿಲ್ಲಾ ಗ್ರಾಹಕರ ಆಯೋಗ ಐತಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅಲ್ಲಿ ದೂರು ಕೊಡ್ರಿ, ನೀವು ಕೊಟ್ಟ ರೊಕ್ಕ 5 ಲಕ್ಷದ ಒಳಗ ಇದ್ರ ಫೀಸಿಲ್ಲ, ವಕೀಲರು ಬೇಕಂತನೂ ಇಲ್ಲ. ಮುಂದಿನ ಸಲ ಕೆಲಸ ಸುರು ಮಾಡೋ ಮೊದಲ ಹಳೇ ಪಾರ್ಟ್ ನನಗ ಬೇಕು ಅಂತ ಜಾಬ್ ಕಾರ್ಡಿನ (ಗ್ಯಾರೇಜಿನವರು ಮಾಡೋ ಕೆಲಸ ಬರಕೊಳ್ಳೋ ಚೀಟಿ) ಮ್ಯಾಲ ಬರಸ್ರಿ, ಹೊಸಾ ಬಾಕ್ಸ್ ನಿಮ್ಮ ಮುಂದ ಒಡೀಲಿ. ಆ ಪೆಡಲ್ ಗಟ್ಟಿ ಆಗೋತನಕ ಗಾಡಿ ಮನ್ಯಾಗ ಇರಲಿ, ಶಾಲಿಗೆ ಸಿಂದಗಿ ಬಸ್ಸಿಗೆ ಹೋಗ್ರಿ.