ತಲೆ ಸುತ್ತುವವರು ಬಲೂನ್ ಹತ್ತಬಹುದಾ?

ಪ್ರಶ್ನೆ: ಈಜಿಪ್ಟಿನ ಲಕ್ಸರ್‌ಗೆ ಹೊರಟಿದ್ದೇವೆ. ಅಲ್ಲಿನ ಹಳೇ ದೇವಾಲಯಗಳ ಮೇಲೆ ಬಿಸಿಗಾಳಿ ಬಲೂನಿನಲ್ಲಿ ಹಾರಲೇಬೇಕು ಅಂತ ಮಗಳ ಹಟ. ನನಗೋ ಮೂರನೇ ಮಹಡಿಯಿಂದ ಬಗ್ಗಿ ನೋಡಿದರೇ ತಲೆ ಸುತ್ತುತ್ತದೆ. ಹೋಗಲಾ, ಬೇಡವಾ? ಅದೂ ನಸುಕಿನಲ್ಲೇ ಯಾಕೆ?

ಉತ್ತರ: ಏಣಿಯ ನಾಲ್ಕನೇ ಮೆಟ್ಟಿಲಿಗೇ ಕಾಲು ನಡುಗುವವಳು ನಾನು. ಆದರೂ ಹೋಗಿ ಬಂದೆ.

ಕತ್ತಲಲ್ಲೇ ದೋಣಿಯಲ್ಲಿ ನೈಲ್ ದಾಟಿಸಿ ಪಶ್ಚಿಮ ದಂಡೆಗೆ ಕರೆದೊಯ್ದರು. ಬುಟ್ಟಿಗೆ ಬಾಗಿಲಿಲ್ಲ. ಪಕ್ಕದಲ್ಲಿರುವ ಕಂಡಿಗೆ ಕಾಲಿಟ್ಟು ಹತ್ತಿ ಒಳಗೆ ಇಳಿಯಬೇಕು, ಪ್ಯಾಂಟ್ ಹಾಕಿಕೊಂಡು ಹೋಗಿ. ಒಳಗೆ ನಿಂತರೆ ಅಂಚು ನನ್ನ ಎದೆಮಟ್ಟ ಬಂತು. ಅರ್ಧ ಭಯ ಅಲ್ಲೇ ಹೋಯಿತು.

ನೆಲ ಬಿಟ್ಟಿದ್ದೇ ಗೊತ್ತಾಗಲಿಲ್ಲ. ಬಲೂನ್ ಗಾಳಿಯ ಜೊತೆಗೇ ತೇಲುತ್ತದಲ್ವಾ, ಹಾಗಾಗಿ ಮುಖಕ್ಕೆ ಗಾಳಿ ಬಡಿಯುವುದಿಲ್ಲ. ಬರ್ನರ್ ಉರಿಸಿದಾಗ ಭರ್ ಅಂತ ಸದ್ದು, ನೆತ್ತಿ ಬೆಚ್ಚಗೆ. ಆರಿಸಿದರೆ ಕೆಳಗಿನ ನಾಯಿ ಬೊಗಳಿದ್ದೂ ಕೇಳುತ್ತದೆ. ನನಗಂತೂ ತಲೆ ಸುತ್ತಲಿಲ್ಲ. ನೀವು ನೇರ ಕೆಳಗೆ ನೋಡಬೇಡಿ, ದೂರ ನೋಡಿ. ಬಂಡೆಗೆ ಒರಗಿದಂತಿರುವ ಹತ್‌ಶೆಪ್ಸುತ್ ರಾಣಿಯ ದೇವಾಲಯ ಕಾಣುತ್ತದೆ, ಸುಮಾರು 3,500 ವರ್ಷ ಹಳೆಯದು. ಕಬ್ಬಿನ ಗದ್ದೆಯ ಹಸಿರು ಗೆರೆ ಎಳೆದ ಹಾಗೆ ನಿಂತುಬಿಡುತ್ತದೆ, ಅದರಾಚೆ ಬರೀ ಮಣ್ಣು, ಕಲ್ಲು. ಮೆಮ್ನಾನ್ ಅಂತ ಕರೆಯುವ ಎರಡು ದೊಡ್ಡ ಕಲ್ಲಿನ ಪ್ರತಿಮೆಗಳು ಪೂರ್ವಕ್ಕೆ ಮುಖ ಮಾಡಿ ಕೂತಿವೆ. ಸುಮಾರು 18 ಮೀಟರ್ ಎತ್ತರ ಇವೆ. ಆ ಹೊತ್ತಿನಲ್ಲಿ ಅವುಗಳ ನೆರಳು ಅದಕ್ಕಿಂತಲೂ ಉದ್ದ.

ನಸುಕೇ ಯಾಕೆಂದರೆ, ಬಿಸಿಲೇರಿ ನೆಲ ಕಾದರೆ ಗಾಳಿ ಏಳಲು ಶುರುವಾಗಿ ಬಲೂನನ್ನು ಆಡಿಸುತ್ತದೆ. ಇದಕ್ಕೆ ಸ್ಟೀರಿಂಗ್ ಬೇರೆ ಇಲ್ಲ. ಒಂದೊಂದು ಎತ್ತರದಲ್ಲಿ ಗಾಳಿ ಒಂದೊಂದು ಕಡೆ ಬೀಸುತ್ತಿರುತ್ತದೆ. ಪೈಲಟ್ ಮೇಲೆ ಕೆಳಗೆ ಮಾಡಿ ಬೇಕಾದ ಗಾಳಿ ಹಿಡಿಯುತ್ತಾನೆ, ಅಷ್ಟೇ. ಹಳೇ ರಾಜರ ಸಮಾಧಿಗಳಿರುವ ‘ರಾಜರ ಕಣಿವೆ’ ಮೇಲೇ ಹೋಗಲಿ ಅಂತ ಹಟ ಹಿಡಿದರೆ ಆಗದು.

ಇಳಿಯುವಾಗ ಮಂಡಿ ಬಗ್ಗಿಸಿ, ಒಳಗಿನ ಹಗ್ಗದ ಹಿಡಿಕೆ ಗಟ್ಟಿಯಾಗಿ ಹಿಡಿದು ಕೂರಿ. ನಮ್ಮ ಬುಟ್ಟಿ ಎರಡು ಸಲ ಕುಪ್ಪಳಿಸಿ ನಿಂತಿತು. ಮಂಡಿ ಆಪರೇಷನ್ ಆದವರಿಗೆ ಇದು ಬೇಡ.

ಒಂದು ವಿಷಯ ಮುಚ್ಚಿಡುವುದಿಲ್ಲ. 2013ರ ಫೆಬ್ರವರಿಯಲ್ಲಿ ಲಕ್ಸರ್‌ನಲ್ಲೇ ಬಲೂನಿಗೆ ಬೆಂಕಿ ಹತ್ತಿ 19 ಜನ ಸತ್ತರು. ಅದಕ್ಕೇ "ಇವತ್ತು ಗಾಳಿ ಜಾಸ್ತಿ, ಹಾರಲ್ಲ" ಅಂದರೆ ಸುಮ್ನೆ ವಾಪಸ್ ಬನ್ನಿ. ಮೊದಲ ದಿನ ನಮ್ಮದೂ ರದ್ದಾಯಿತು. ಅವತ್ತೇ ಊರಿಗೆ ಹೊರಡಬೇಕಿದ್ದ ದಂಪತಿ ಅರ್ಧ ಗಂಟೆ ಜಗಳವಾಡಿ ಹಾಗೇ ಹೋದರು. ನಾವು ಮರುದಿನ ಹಾರಿದೆವು. ನೀವೂ ಬುಕಿಂಗನ್ನು ಲಕ್ಸರ್ ತಲುಪಿದ ಮಾರನೇ ಬೆಳಗ್ಗೆಗೇ ಮಾಡಿಕೊಳ್ಳಿ, ಕೊನೆಯ ದಿನಕ್ಕೆ ಬೇಡ.