ಪಾಲೇ ಇಲ್ಲ ಅಂದಮೇಲೆ ನನ್ನ ಸಹಿ ಯಾಕೆ ಬೇಕಿತ್ತು?

ಸಹಿ ಹಾಕಲು ನಿಮ್ಮ ಅಣ್ಣ ಶುಕ್ರವಾರ ಬಾ ಅಂದಿದ್ದಾರೆ ಅಂತ ಬರೆದಿದ್ದೀರಿ. ನನ್ನ ಅಣ್ಣ ಬುಧವಾರ ಅಂದಿದ್ದ. ಮಿಕ್ಕಿದ್ದೆಲ್ಲ ಒಂದೇ. ಅಪ್ಪ ಹೋದರು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ, ಹಾಕದಿದ್ದರೆ ತವರು ತಪ್ಪುತ್ತದೆ, ಹಾಕಿದರೆ ಪಾಲು ಹೋಗುತ್ತದೆ, ಯಾವುದನ್ನು ಉಳಿಸಿಕೊಳ್ಳಲಿ ಅಂತ ನಿಮ್ಮ ಪ್ರಶ್ನೆ. ನಾನು ತವರು ಉಳಿಸಿಕೊಳ್ಳಲು ಹೋದವಳು.

ನಮ್ಮದು ತುಮಕೂರು ಜಿಲ್ಲೆಯ ತೆಂಗಿನ ಸೀಮೆ. ತಾತನಿಂದ ಬಂದ ನಾಲ್ಕು ಎಕರೆ ಹತ್ತು ಗುಂಟೆ, ಅದರಲ್ಲಿ ಮೂರು ಎಕರೆ ತೋಟ. ಮಕ್ಕಳು ನಾವಿಬ್ಬರೇ. ನನ್ನ ಮದುವೆ ಆಗಿದ್ದು 1993ರಲ್ಲಿ. ಈ ಇಸವಿ ನೆನಪಿಡಿ, ಮುಂದೆ ಬೇಕಾಗುತ್ತದೆ. ಅಪ್ಪ 2008ರ ಕೊನೆಗೆ ತೀರಿಕೊಂಡರು. ವರ್ಷದ ತಿಥಿಗೂ ಮುಂಚೆ ಅಣ್ಣ ಫೋನ್ ಮಾಡಿದ. "ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಸೊಸೈಟಿಯಲ್ಲಿ ಸಾಲ ಹುಟ್ಟುತ್ತಿಲ್ಲ. ಖಾತೆ ಮಾಡಿಸಬೇಕು, ಬುಧವಾರ ಬಂದು ಒಂದು ಸಹಿ ಹಾಕಿ ಹೋಗು."

ರಜೆ ಹಾಕಿ ಹೋದೆ. ಅತ್ತಿಗೆ ರೇಷ್ಮೆ ಸೀರೆ ತಂದಿಟ್ಟಿದ್ದರು. ಅರಿಶಿನ ಕುಂಕುಮಕ್ಕೆ ಅಂತ ಐವತ್ತು ಸಾವಿರ ರೂಪಾಯಿ. ಆಗ ನನಗೆ ಅದು ದೊಡ್ಡ ದುಡ್ಡೇ.

ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ ಪತ್ರ ಬರೆಯುವವರು ಎಲ್ಲ ರೆಡಿ ಮಾಡಿಟ್ಟಿದ್ದರು. ನಾನು ಬಾಯಿಬಿಟ್ಟು ಕೇಳಲಿಲ್ಲ ಅಂತಲ್ಲ. "ಸರ್, ಇದರಲ್ಲಿ ನನಗೂ ಏನಾದರೂ ಬರುತ್ತಾ?" ಅಂದೆ. ಅವರು ತಲೆ ಎತ್ತದೆ, "ನಿಮ್ಮ ಮದುವೆ ಯಾವಾಗ ಆಗಿದ್ದಮ್ಮ?" ಅಂದರು. 93 ಅಂದೆ. "94ಕ್ಕೆ ಮುಂಚೆ ಮದುವೆ ಆದವರಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ. ಇದು ಸುಮ್ನೆ ಒಂದು ಫಾರ್ಮಾಲಿಟಿ."

ನನ್ನ ತಪ್ಪು ಇಲ್ಲೇ ಆಗಿದ್ದು. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ಮಾಡಿದ ತಿದ್ದುಪಡಿ ಜಾರಿಗೆ ಬಂದಿದ್ದು 30 ಜುಲೈ 1994ರಂದು. ಅದು ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆ ಆದವರನ್ನು ಹೊರಗಿಟ್ಟಿತು. ಒಂದು ವರ್ಷ ತಡವಾಗಿ ಮದುವೆ ಆಗಿದ್ದರೆ ನಾನು ಮಗಳು, ಆಗಿಬಿಟ್ಟಿದ್ದಕ್ಕೆ ಹೊರಗಿನವಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುವ ಗಾದೆಗೆ ತಾರೀಖು ಹಾಕಿ ಕೊಟ್ಟ ಹಾಗಿತ್ತು. ಆದರೆ 9 ಸೆಪ್ಟೆಂಬರ್ 2005ಕ್ಕೆ ಅದೇ ಕಾಯ್ದೆಗೆ ಕೇಂದ್ರದ ತಿದ್ದುಪಡಿ ಬಂತು. ಅದರಲ್ಲಿ ಮದುವೆಯ ಮಾತೇ ಇಲ್ಲ. ಮಗಳು ಮಗನಷ್ಟೇ, ಅಷ್ಟೇ. ಆ ದಿನ ನಮ್ಮಪ್ಪ ಬದುಕಿದ್ದರು, ತೋಟವೂ ಭಾಗವಾಗದೆ ಹಾಗೇ ಇತ್ತು. ಅಂದರೆ 2009ರಲ್ಲಿ ಆ ಬೆಂಚಿನ ಮೇಲೆ ಕೂತಿದ್ದಾಗ ನನಗೆ ಅಣ್ಣನಷ್ಟೇ ಪಾಲಿತ್ತು. ಅದರ ಮೇಲೆ ಅಪ್ಪನ ಪಾಲಿನಲ್ಲಿ ಅಮ್ಮನ ಜೊತೆ ನಮ್ಮಿಬ್ಬರಿಗೂ ಒಂದೊಂದು ಭಾಗ.

ಕಾನೂನು ಗೊತ್ತಿರಲಿಲ್ಲ, ಸರಿ. ಅದನ್ನು ತಪ್ಪು ಅನ್ನುವುದಿಲ್ಲ. ಕಾನೂನೇ ಬೇಕಿರಲಿಲ್ಲ, ಲೆಕ್ಕ ಸಾಕಿತ್ತು. ನನಗೆ ಪಾಲೇ ಇಲ್ಲ ಅಂತಾದರೆ, ಇಲ್ಲದ ಪಾಲನ್ನು ಬಿಟ್ಟುಕೊಡಲು ನನ್ನನ್ನು ಬಸ್ಸು ಹತ್ತಿಸಿ ಕರೆಸಿದ್ದು ಯಾಕೆ? ಛಾಪಾ ಕಾಗದ ಯಾಕೆ? ಫೋಟೊ, ಬೆರಳಚ್ಚು ಯಾಕೆ? ಪಕ್ಕದ ಮನೆಯವರ ಸಹಿ ಯಾರೂ ಕೇಳಲಿಲ್ಲವಲ್ಲ! ಈ ಒಂದು ಪ್ರಶ್ನೆ ನನಗೆ ಹೊಳೆಯಲಿಲ್ಲ. ನಾನು ಶಾಲೆಯಲ್ಲಿ ಮೇಡಂ. ಪ್ರಶ್ನೆಪತ್ರಿಕೆ ಎರಡು ಸಲ ಓದಿ ಆಮೇಲೆ ಬರೆಯಿರಿ ಅಂತ ಮಕ್ಕಳಿಗೆ ದಿನಾ ಹೇಳುವವಳು. ಆರು ಪುಟದ ಪತ್ರದಲ್ಲಿ ಕೊನೆಯ ಪುಟ ಬಿಟ್ಟು ಏನೂ ನೋಡಲಿಲ್ಲ. "ಎಲ್ಲಿ ಹಾಕಲಿ?" ಅಂದೆ. ಅಣ್ಣ ಬೆರಳಿಟ್ಟು ತೋರಿಸಿದ.

ಖಾತೆಗೆ ಅಂತ ಹೇಳಿದ್ದನಲ್ಲ, ಅದೂ ಹಾಗೇ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಸಬ್ ರಿಜಿಸ್ಟ್ರಾರ್ ಹತ್ತಿರ ಹೋಗಬೇಕಾಗಿಯೇ ಇಲ್ಲ. ಮರಣ ಪತ್ರ, ವಂಶವೃಕ್ಷ ಇಟ್ಟು ಅರ್ಜಿ ಕೊಟ್ಟರೆ ವಾರಸುದಾರರ ಹೆಸರು ಜಂಟಿಯಾಗಿ ಪಹಣಿಗೆ ಬರುತ್ತದೆ. ಖಾತೆ ಬದಲಾಯಿಸುವುದು ಬೇರೆ, ಹಕ್ಕು ಬಿಡುವುದು ಬೇರೆ. ಎರಡನ್ನೂ ಒಂದೇ ಮಾತಿನಲ್ಲಿ ಸುತ್ತಿ ಹೇಳಿದರೆ ಹುಷಾರಾಗಿ.

ನಾನು ಸಹಿ ಹಾಕುವಾಗ ಅಮ್ಮ ಪಕ್ಕದಲ್ಲೇ ಕೂತಿದ್ದಳು. ನನ್ನದಾದ ಮೇಲೆ ಅವಳ ಹೆಬ್ಬೆಟ್ಟು.

ಆಮೇಲೆ ಮೂರು ವರ್ಷ ಗೌರಿ ಹಬ್ಬಕ್ಕೆ ಬಾಗಿನ ಬಂತು. ನಾಲ್ಕನೇ ವರ್ಷ ಫೋನ್ ಬಂತು. ಐದನೇ ವರ್ಷ ಅದೂ ಇಲ್ಲ. ಜಗಳ ಆಗಲಿಲ್ಲ, ಮಾತು ಬಿಡಲಿಲ್ಲ. ನನ್ನಿಂದ ಆಗಬೇಕಾದ ಕೆಲಸ ಮುಗಿದಿತ್ತು ಅಷ್ಟೇ. ಮುಂದೆ ತುಮಕೂರು–ಶಿವಮೊಗ್ಗ ಹೆದ್ದಾರಿ ಅಗಲ ಮಾಡಲು ನಮ್ಮ ಜಮೀನಿನ ಒಂದು ಪಟ್ಟಿ ಹೋಯಿತು. ಪರಿಹಾರ ಬಂದ ಸುದ್ದಿ ನನಗೆ ಗೊತ್ತಾಗಿದ್ದು ಮದುವೆಮನೆಯಲ್ಲಿ, ಬೇರೆ ಯಾರದೋ ಬಾಯಿಂದ. ಅದೇ ವರ್ಷ ಅಮ್ಮನ ಸೊಂಟದ ಮೂಳೆ ಮುರಿಯಿತು. "ನಿನ್ನ ಹತ್ತಿರ ಸ್ವಲ್ಪ ದಿನ ಇಟ್ಟುಕೋ" ಅಂತ ಅಣ್ಣ ಕಾರಿನಲ್ಲಿ ತಂದು ಬಿಟ್ಟು ಹೋದ. ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ವಕೀಲರ ಹತ್ತಿರವೂ ಹೋಗಿದ್ದೆ. ಮೋಸದಿಂದ ಬರೆಸಿಕೊಂಡ ಪತ್ರ ರದ್ದು ಮಾಡಿಸಬೇಕಾದರೆ ಗೊತ್ತಾದ ಮೂರು ವರ್ಷದೊಳಗೆ ಕೋರ್ಟಿಗೆ ಬರಬೇಕಿತ್ತು ಅಂದರು. ಆಮೇಲೆ, "ನೀವು ಟೀಚರ್ ಅಲ್ವಾ? ಕನ್ನಡದಲ್ಲೇ ಇರುವ ಪತ್ರ, ಓದಲು ಬರುತ್ತಿರಲಿಲ್ಲ ಅಂತ ಹೇಗೆ ಹೇಳೋದು?" ಅಂದರು. 11 ಆಗಸ್ಟ್ 2020ರಂದು ಸುಪ್ರೀಂ ಕೋರ್ಟು ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತಿಲ್ಲ ಅಂದಿತು. ಎಷ್ಟೋ ಜನಕ್ಕೆ ಬಾಗಿಲು ತೆರೆಯಿತು. ನಾನು ಆಗಲೇ ಬಾಗಿಲು ಹಾಕಿ ರಿಜಿಸ್ಟರ್ ಮಾಡಿಕೊಟ್ಟಿದ್ದೆ. (ನಮ್ಮ ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿಗೆ ಅಂತ ಒಂದು ಕಾಯ್ದೆ ಬಂದಿತ್ತು. ನಮ್ಮ ಹಟ್ಟಿಗೆ ಅದು ತಲುಪಿದ್ದನ್ನು ನಾನಂತೂ ನೋಡಲಿಲ್ಲ.)

ಹಾಗಾಗಿ ತವರೋ ಪಾಲೋ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅದು ನಿಮ್ಮ ಪ್ರಶ್ನೆಯಲ್ಲ, ಅಣ್ಣ ನಿಮ್ಮ ಕೈಗೆ ಕೊಟ್ಟ ಪ್ರಶ್ನೆ. ಅವರಿಗೆ ಯಾರೂ ಹಾಗೆ ಕೇಳಲಿಲ್ಲ, "ತಂಗಿ ಬೇಕೋ, ಪೂರ್ತಿ ಜಮೀನು ಬೇಕೋ" ಅಂತ. ನಮ್ಮ ಚಿಕ್ಕಮ್ಮನ ಮಗಳು ಭಾಗ ತೆಗೆದುಕೊಂಡಳು. ಅವಳ ಅಣ್ಣ ಎರಡು ವರ್ಷ ಮುಖ ತಿರುಗಿಸಿಕೊಂಡು ಓಡಾಡಿದ. ಈಗ ಅವಳ ಪಾಲಿನ ತೋಟವನ್ನು ಅವನೇ ಗುತ್ತಿಗೆಗೆ ಮಾಡುತ್ತಾನೆ, ಲೆಕ್ಕ ಕೊಡಲು ವರ್ಷಕ್ಕೆರಡು ಸಲ ಮನೆಗೆ ಬರುತ್ತಾನೆ.

ಮೊದಲು ಜಮೀನು ತಾತನಿಂದ ಬಂದದ್ದೋ, ಅಪ್ಪ ದುಡಿದು ಕೊಂಡದ್ದೋ ನೋಡಿ. ಅಪ್ಪನ ಸ್ವಂತದ್ದಾಗಿ, ಅವರು ಅದಕ್ಕೆ ವಿಲ್ ಬರೆದಿಟ್ಟಿದ್ದರೆ ಮಾತು ಬೇರೆ. ವಿಲ್ ಇಲ್ಲದಿದ್ದರೆ ಆಗಲೂ ಅಣ್ಣನಷ್ಟೇ ನಿಮಗೂ. ಅಣ್ಣನಿಗೆ ಕೊಡಲೇಬೇಕು ಅಂತ ನಿಮಗೇ ಅನ್ನಿಸಿದರೆ ಕೊಡಿ, ಬೇಡ ಅನ್ನಲು ನಾನ್ಯಾರು? ಆದರೆ ವಿಭಾಗ ಪತ್ರ ಮಾಡಿಸಿ, ಹತ್ತು ಗುಂಟೆಯಾದರೂ ನಿಮ್ಮ ಹೆಸರಿಗೆ ಇರಲಿ. ದುಡ್ಡು ಕೊಟ್ಟರೆ ಚೆಕ್ಕಿನಲ್ಲಿ ಕೊಡಲಿ, ಅಷ್ಟೇ ಮೊತ್ತ ಪತ್ರದಲ್ಲಿ ಬರಲಿ. ನನ್ನ ಪತ್ರದಲ್ಲಿ "ಮನಃಪೂರ್ವಕವಾಗಿ" ಅಂತ ನಾಲ್ಕು ಕಡೆ ಇತ್ತು, ಐವತ್ತು ಸಾವಿರ ಒಂದು ಕಡೆಯೂ ಇರಲಿಲ್ಲ.

ಇನ್ನೊಂದು. ಹೋದ ವರ್ಷ ಅಮ್ಮನ ಕಾಲಿಗೆ ಎಣ್ಣೆ ಹಚ್ಚುತ್ತಾ, "ಅವತ್ತು ನೀನು ಯಾಕಮ್ಮ ಹೆಬ್ಬೆಟ್ಟು ಒತ್ತಿದೆ?" ಅಂತ ಕೇಳಿದೆ. "ನೀನು ಓದಿದವಳು, ನೀನೇ ಹಾಕಿದೆಯಲ್ಲ ಅಂತ ಒತ್ತಿದೆ" ಅಂದಳು. ನಿಮ್ಮ ಅಮ್ಮನೂ ಅವತ್ತು ಪಕ್ಕದಲ್ಲಿ ಕೂತಿರುತ್ತಾರೆ.

ಪತ್ರದ ನಕಲು ಇವತ್ತೇ ಕೇಳಿ ಇಸಿದುಕೊಳ್ಳಿ, ಬೇರೆ ವಕೀಲರಿಗೆ ತೋರಿಸಿ. ಶುಕ್ರವಾರದೊಳಗೆ ಆಗುವುದಿಲ್ಲ ಅಂತೀರಾ? ಹಾಗಾದರೆ ಶುಕ್ರವಾರ ನಿಮಗೆ ಜ್ವರ ಬರಲಿ.